ದಂಡಿನ ಬಜಾರಿನಿಂದ ಹೊರಟ ಮಾತುಗಳು

ಮಾನ್ಯ ಸಂಪಾದಕರಿಗೆ,

ನಮಸ್ಕಾರ. ಎರಡನೇ ಮಹಾಯುದ್ಧದ ಕಾಲದಲ್ಲಿ ಭಾರತ ಮತ್ತು ಬರ್ಮಾದಲ್ಲಿದ್ದ ಬ್ರಿಟಿಷ್ ಸಿಪಾಯಿಗಳ ಬಾಯಿಗೆ ನಮ್ಮ ಕಡೆಯ ಮಾತುಗಳು ಹೇಗೆ ಹತ್ತಿದವು ಎಂಬ ಲೇಖನ ಕಳೆದ ಭಾನುವಾರದ ಪುರವಣಿಯಲ್ಲಿ ಬಂದಿದೆ. ಇಂಥ ವಿಷಯಕ್ಕೆ ಕನ್ನಡದ ಪತ್ರಿಕೆ ಮುಕ್ಕಾಲು ಪುಟ ಕೊಟ್ಟದ್ದು ನಿಜಕ್ಕೂ ಸಂತೋಷ. ಆದರೆ ಅದರಲ್ಲಿ ಕೆಲವು ತಪ್ಪುಗಳು ನುಸುಳಿವೆ, ಒಂದೆರಡು ಸಣ್ಣವೂ ಅಲ್ಲ. ಪುಣೆ, ಮುಂಬಯಿಯ ಕನ್ನಡಿಗರಿಗೆ ಈ ಶಬ್ದಗಳು ಪರಊರಿನವಲ್ಲ. ಇವುಗಳಲ್ಲಿ ಎಷ್ಟೋ ಬಾಯಿಂದ ಬಾಯಿಗೆ ದಾಟಿದ್ದು ನಾವು ದಿನಾ ಓಡಾಡುವ ಜಾಗಗಳಲ್ಲೇ: ಪುಣೆಯ ಕ್ಯಾಂಪ್, ಖಡಕಿ, ವಾನವಡಿ, ಮುಂಬಯಿಯ ಕೊಲಾಬಾ, ನಾಶಿಕದ ಹತ್ತಿರದ ದೇವಳಾಲಿ. ಬೆಂಗಳೂರಿನವರು ದಂಡು ಎಂದದ್ದನ್ನೇ ಇಲ್ಲಿಯ ಮರಾಠಿಗರು ಲಷ್ಕರ್ ಎನ್ನುತ್ತಾರೆ. ಆದ್ದರಿಂದ ಈ ಪತ್ರ ಸ್ವಲ್ಪ ಉದ್ದವಾದರೂ ದಯವಿಟ್ಟು ಪ್ರಕಟಿಸಬೇಕು.

ಮೊದಲು ಅಕ್ಷರದ ಮಾತು, ಯಾಕೆಂದರೆ ಅರ್ಧ ತಪ್ಪು ಅಲ್ಲೇ ಆಗಿದೆ. ಆ ಕಾಲದ ಇಂಗ್ಲಿಷ್ ಬರಹದಲ್ಲಿ ‘ಯು’ ಅಕ್ಷರ ನಿಂತಿರುವುದು ಹೆಚ್ಚಾಗಿ ನಮ್ಮ ಹ್ರಸ್ವ ಅಕಾರದ ಜಾಗದಲ್ಲಿ. ಲೇಖನದಲ್ಲಿ ‘ಪುಕ್ಕಾ’ ಎಂದು ಅಚ್ಚಾಗಿರುವುದು ನಾವು ದಿನಕ್ಕೆ ಹತ್ತು ಸಲ ಹೇಳುವ ‘ಪಕ್ಕಾ’. ‘ಪುಟ್ಟಿ’ ಎಂದು ಅಚ್ಚಾದದ್ದು ಸಿಪಾಯಿಗಳು ಪಾದದ ಗಂಟಿನಿಂದ ಮೊಣಕಾಲಿನವರೆಗೆ ಸುತ್ತಿಕೊಳ್ಳುತ್ತಿದ್ದ ಬಟ್ಟೆಯ ‘ಪಟ್ಟಿ’. ‘ಬುಂಡೂಕ್’ ಎಂದರೆ ಬಂದೂಕು. ‘ಓ’ ಎರಡು ಸಲ ಬಂದರೆ ಊಕಾರ, ‘ಇ’ ಎರಡು ಸಲ ಬಂದರೆ ಈಕಾರ. ಪುಣೆ ‘ಪೂನಾ’ ಆದದ್ದು, ಖಡಕಿ ‘ಕಿರ್ಕೀ’ ಆದದ್ದು ಈ ಬರವಣಿಗೆಯಿಂದಲೇ. ಇನ್ನು ರಕಾರ. ಆಗ್ನೇಯ ಇಂಗ್ಲೆಂಡಿನ ಉಚ್ಚಾರದಲ್ಲಿ ಪದದ ಕೊನೆಯ ರಕಾರ ನಾಲಿಗೆಗೆ ಬರುವುದಿಲ್ಲ, ಹಿಂದಿನ ಸ್ವರವನ್ನು ಎಳೆಯಬೇಕು ಎಂಬ ಗುರುತಷ್ಟೇ ಅದು. ಹಾಗಾಗಿ ಸಿಪಾಯಿಯ ‘ಚಾರ್’ ಬರೀ ‘ಚಾ’. ಅದನ್ನು ‘ನಾಲ್ಕು ಗಂಟೆಗೆ ಕುಡಿಯುವ ಚಹಾ, ಆದ್ದರಿಂದ ಚಾರ್’ ಎಂದು ಬಿಡಿಸಿದ್ದು ಸರಿಯಲ್ಲ. ಬ್ಯಾರಕಿನಲ್ಲಿ ಚಾ ಬರುತ್ತಿದ್ದದ್ದು ಬೆಳಗಿನ ಜಾವದಿಂದ ರಾತ್ರಿಯವರೆಗೆ, ಗಂಟೆಯ ಲೆಕ್ಕವೇ ಇರಲಿಲ್ಲ.

ಈಗ ಬುದ್ಧಿ ಕೆಟ್ಟ ಸ್ಥಿತಿಗೆ ಸಿಪಾಯಿಗಳು ಹೇಳುತ್ತಿದ್ದ ‘ಡೂಲಾಲಿ ಟ್ಯಾಪ್’. ದೇವಳಾಲಿಯಲ್ಲಿ ಹುಚ್ಚಾಸ್ಪತ್ರೆ ಇತ್ತು, ತಲೆಗೆ ಯಾರೋ ಕುಟ್ಟಿದಂತೆ ಆಗುವುದಕ್ಕೆ ‘ಟ್ಯಾಪ್’ ಎಂದರು ಎಂದು ಲೇಖನ ಹೇಳುತ್ತದೆ. ಎರಡನೆಯ ಅರ್ಧವನ್ನು ಮರಾಠಿ ಬಲ್ಲ ಯಾರೂ ಒಪ್ಪಲಾರರು. ಪುಣೆಯಲ್ಲಿ ಮಗುವಿಗೆ ಮೈ ಕಾದರೆ ಪಕ್ಕದ ಮನೆಯ ಆಜಿ ‘ತಾಪ್ ಆಲಾ ಕಾ?’ ಎಂದು ಕೇಳುತ್ತಾರೆ. ತಾಪ್ ಎಂದರೆ ಜ್ವರ. ಕನ್ನಡದಲ್ಲಿ ಅದು ಬಿಸಿಯಾಗಿ, ತಾಪಮಾನವಾಗಿ ಉಳಿದಿದೆ. ‘ಡೂಲಾಲಿ ಟ್ಯಾಪ್’ ಎಂದರೆ ದೇವಳಾಲಿಯ ಜ್ವರ, ಅಷ್ಟೇ. ನಾವು ಸ್ಪಷ್ಟವಾಗಿ ಉಚ್ಚರಿಸುವ ಆ ಳಕಾರ ಇಂಗ್ಲಿಷ್ ನಾಲಿಗೆಗೆ ದಕ್ಕದೆ ಲಕಾರವಾಯಿತು.

ದೇವಳಾಲಿಗೆ ಈ ಹೆಸರು ಅಂಟಿದ್ದರ ಹಿಂದೆ ಹಡಗಿನ ಲೆಕ್ಕವಿದೆ. ಮುಂಬಯಿಗೆ ಹೋಗುವ ರೈಲುಮಾರ್ಗದಲ್ಲಿ ನಾಶಿಕ್ ರೋಡ್ ಮತ್ತು ಇಗತ್‌ಪುರಿಯ ನಡುವೆ ಸಿಗುವ ಈ ಊರಿನಲ್ಲಿ ಸೇನೆಯ ತಂಗುಶಿಬಿರವಿತ್ತು. ಊರಿಗೆ ಮರಳುವವರು ಮುಂಬಯಿಯಲ್ಲಿ ಹಡಗು ಹತ್ತುವ ಮುನ್ನ ಇಲ್ಲಿ ಕಾಯಬೇಕಿತ್ತು. ಹತ್ತೊಂಬತ್ತನೇ ಶತಮಾನದ ಕೊನೆಯ ದಶಕಗಳಲ್ಲಿ ಪಡೆಗಳನ್ನು ಸಾಗಿಸುವ ಹಡಗುಗಳು ಓಡುತ್ತಿದ್ದದ್ದು ಶರತ್ಕಾಲದಿಂದ ಮಾರ್ಚಿನವರೆಗೆ ಮಾತ್ರ. ಅಕ್ಟೋಬರಿನಲ್ಲಿ ಸೇವೆ ಮುಗಿದವನು ಪುಣ್ಯವಂತ. ಏಪ್ರಿಲ್‌ನಲ್ಲಿ ಮುಗಿದವನಿಗೆ ಬೇಸಿಗೆ, ಮಳೆಗಾಲ ಎರಡೂ ದೇವಳಾಲಿಯಲ್ಲೇ. ಮಾಡಲು ಕೆಲಸವಿಲ್ಲ, ಕೋವಿ ತಿರುಗಿ ಕೊಟ್ಟಾಗಿದೆ, ಕೈಯಲ್ಲಿ ಸಂಬಳ, ಮೇಲೆ ಮಲೇರಿಯಾ. ಕುಡಿತ, ಜಗಳ, ಜೈಲು, ಖಿನ್ನತೆ ಒಂದರ ಹಿಂದೆ ಒಂದು ಬಂದವು. ಊರಿಗೆ ಹೋಗಲು ಕಾದು ಕಾದು ಬುದ್ಧಿ ಕದಡಿದ ಸ್ಥಿತಿಗೆ ಶಿಬಿರದ ಹೆಸರೇ ನಿಂತಿತು. ಮುಂದೆ ‘ಟ್ಯಾಪ್’ ಉದುರಿ, ಬರೀ ‘ಡೂಲಾಲಿ’ ಎಂದರೂ ತಲೆಕೆಟ್ಟವನು ಎಂದಾಯಿತು. ಇಂಗ್ಲೆಂಡಿನಲ್ಲಿ ಈಗಲೂ ಹಾಗೆನ್ನುವವರಿದ್ದಾರೆ. ಅವರಲ್ಲಿ ಹೆಚ್ಚಿನವರಿಗೆ ಇದು ಒಂದು ಊರೆಂದೇ ಗೊತ್ತಿಲ್ಲ. ಇಂದು ದೇವಳಾಲಿಯಲ್ಲಿ ನಮ್ಮ ಸೇನೆಯ ಫಿರಂಗಿ ದಳದ ತರಬೇತಿ ಶಾಲೆಯಿದೆ.

ಜ್ವರ ಎಂಬ ಶಬ್ದವನ್ನು ಹಗುರಾಗಿ ತೆಗೆದುಕೊಳ್ಳಬಾರದು. 1943ರಲ್ಲಿ ಬರ್ಮಾ ಗಡಿಯಲ್ಲಿ ಗಾಯಗೊಂಡು ಹಿಂದಕ್ಕೆ ಬಂದ ಪ್ರತಿ ಒಬ್ಬನಿಗೆ ಪ್ರತಿಯಾಗಿ ಕಾಯಿಲೆ ಬಿದ್ದು ಬಂದವರು 120 ಮಂದಿ ಎಂದು ಅಲ್ಲಿ ಹೋರಾಡಿದ ಬ್ರಿಟಿಷರ ಹದಿನಾಲ್ಕನೇ ಸೇನೆಯ ದಂಡನಾಯಕ ಸ್ಲಿಮ್ ಬರೆದಿದ್ದಾರೆ.

ಲೇಖನದ ಅತಿ ದೊಡ್ಡ ತಪ್ಪು ಅದರ ಒಟ್ಟು ಧೋರಣೆಯಲ್ಲಿದೆ. ಬ್ರಿಟಿಷ್ ಸಿಪಾಯಿಗಳು ‘ಭಾರತದ ಭಾಷೆಗಳನ್ನು ಪ್ರೀತಿಯಿಂದ ಕಲಿತರು’ ಎಂದಿದೆ. ಅವರು ಕಲಿತ ಕ್ರಿಯಾಪದಗಳನ್ನು ಒಂದು ಸಾಲಿನಲ್ಲಿಟ್ಟು ನೋಡಿ. ‘ದೆಕ್ಕೊ’ ಬಂದದ್ದು ‘ದೇಖೋ’ದಿಂದ, ಎಂದರೆ ನೋಡು. ‘ಪಕರಾವ್’ ಎಂದರೆ ಹಿಡಿ. ‘ಚಬರಾವ್’ ಎಂದರೆ ‘ಚುಪ್ ರಹೋ’, ಬಾಯಿ ಮುಚ್ಚು. ‘ಜಾವ್’ ಎಂದರೆ ಹೋಗು. ಇವೆಲ್ಲ ಆಜ್ಞೆಯ ರೂಪಗಳು. ‘ನೋಡಿದೆ’, ‘ನೋಡೋಣ’, ‘ನೋಡಬಹುದೇ’ ಎಂಬವು ಸಿಪಾಯಿಯ ಪಟ್ಟಿಯಲ್ಲಿ ಸಿಗುವುದಿಲ್ಲ. ಹಿಂದೂಸ್ತಾನಿಯಲ್ಲಿ ತೂ, ತುಮ್, ಆಪ್ ಎಂದು ಮೂರು ಮೆಟ್ಟಿಲು. ಇವರು ಹತ್ತಿದ್ದು ನಡುವಿನ ಮೆಟ್ಟಿಲಿಗೆ ಮಾತ್ರ. ‘ದೇಖಿಯೇ’ ಎಂಬ ಗೌರವದ ರೂಪ ಇಂಗ್ಲಿಷಿಗೆ ದಾಟಲೇ ಇಲ್ಲ. ಹತ್ತೊಂಬತ್ತು ವರ್ಷದ ಹುಡುಗ ಐವತ್ತು ದಾಟಿದ ಧೋಬಿಯನ್ನು ‘ನೋಡು, ಬಾ, ಹೋಗು’ ಎಂದು ಏಕವಚನದಲ್ಲಿ ಕರೆದ ದಾಖಲೆ ಈ ಶಬ್ದಗಳ ಒಳಗೇ ಇದೆ. ಭಾರತೀಯ ಸಿಪಾಯಿಗಳ ಮೇಲೆ ಅಧಿಕಾರಿಯಾಗಬೇಕಾದವರು ರೋಮನ್ ಲಿಪಿಯಲ್ಲಿ ಬರೆದ ಉರ್ದುವಿನಲ್ಲಿ ಪರೀಕ್ಷೆ ಪಾಸಾಗಬೇಕಿತ್ತು. ಬರೀ ಬಿಳಿಯರೇ ಇದ್ದ ಪಲ್ಟನ್ನಿನ ಸಾಮಾನ್ಯ ಸಿಪಾಯಿಗೆ ಆ ಕಟ್ಟುಪಾಡು ಇರಲಿಲ್ಲ. ಅವನ ಪಾಠಶಾಲೆ ಬ್ಯಾರಕಿನ ಜಗಲಿ ಮತ್ತು ದಂಡಿನ ಬಜಾರು.

ಆ ಶಾಲೆಯ ಮೇಷ್ಟ್ರುಗಳ ಬಗ್ಗೆ ಲೇಖನದಲ್ಲಿ ಒಂದು ಸಾಲೂ ಇಲ್ಲ. ಇದ್ದಿಲಿನ ಒಲೆ ಹೊತ್ತು ಬರುವ ಚಾವಾಲಾ, ಇನ್ನೂ ನಿದ್ದೆಯಲ್ಲಿರುವವನ ಗಡ್ಡವನ್ನೇ ಹಾಸಿಗೆಯಲ್ಲಿ ಬೋಳಿಸಿ ಮುಗಿಸುತ್ತಿದ್ದ ಕ್ಷೌರಿಕ, ಧೋಬಿ, ದರ್ಜಿ, ನೀರಿನ ಭಿಶ್ತಿ. ಉದ್ರಿ ಕೊಟ್ಟು ಸಂಬಳದ ದಿನ ವಸೂಲು ಮಾಡುತ್ತಿದ್ದವರು ಇವರೇ. ಹೆಸರು, ಕಂಪನಿ, ಎಷ್ಟು ಕಪ್ಪು ಎಂದು ನೆನಪಿಡುತ್ತಿದ್ದವರೂ ಇವರೇ. ‘ವಾಲಾ’ ಎಂಬ ಪ್ರತ್ಯಯವನ್ನು ಸಿಪಾಯಿ ಇವರ ಹೆಸರಿನಿಂದ ಕಿತ್ತುಕೊಂಡು ತನ್ನವರಿಗೂ ಅಂಟಿಸಿದ. ಮುಂಚೂಣಿಗೆ ಹೋಗದೆ ಹಿಂದಿನ ನೆಲೆಯಲ್ಲಿ ಉಳಿಯುವವನು ‘ಬೇಸ್‌ವಾಲಾ’, ರೆಜಿಮೆಂಟಿನ ಪಾದ್ರಿ ‘ಆಮೆನ್‌ವಾಲಾ’. ನಮ್ಮಲ್ಲಿ ಗಾರ, ದಾರ ಪ್ರತ್ಯಯಗಳು ಒಂಟಿಯಾಗಿ ನಿಲ್ಲುವುದಿಲ್ಲ. ಇಂಗ್ಲಿಷಿನಲ್ಲಿ ‘ವಾಲಾ’ ಒಂಟಿಯಾಗಿಯೇ ನಿಂತು ‘ಆಸಾಮಿ’ ಎಂಬ ಅರ್ಥ ಪಡೆಯಿತು.

ಧೋಬಿಯ ಮೇಲಂತೂ ಅನ್ಯಾಯವೇ ಆಗಿದೆ. ‘ಧೋಬಿ ಇಚ್’ ಎಂಬ ತೊಡೆಸಂದಿಯ ತುರಿಕೆ ‘ಧೋಬಿಗಳು ಕೊಳಕು ನೀರಿನಲ್ಲಿ ಒಗೆದುದರಿಂದ’ ಬರುತ್ತಿತ್ತು ಎಂದು ಲೇಖನ ಬರೆದಿದೆ. ಇದು ಸಿಪಾಯಿಗಳ ನಂಬಿಕೆ, ವೈದ್ಯಕೀಯವಲ್ಲ. ಆ ಹೆಸರಿನಡಿ ಎರಡು ಬೇರೆ ಬೇರೆ ತೊಂದರೆಗಳು ಬೆರೆತಿವೆ. ಒಂದು, ಗಜಕರ್ಣದ ಜಾತಿಯ ಶಿಲೀಂಧ್ರದ ಸೋಂಕು. ಸೆಕೆ, ಬೆವರು, ದಪ್ಪ ಬಟ್ಟೆ, ಒದ್ದೆ ಒಳಉಡುಪು ಸೇರಿದರೆ ತೊಡೆಯ ಒಳಭಾಗದಲ್ಲಿ ಉಂಗುರದಂತೆ ಹಬ್ಬುತ್ತದೆ. ಅಂಚು ಕೆಂಪಗೆ ಉಬ್ಬಿ, ನಡುಭಾಗ ತಿಳಿಯಾಗುತ್ತದೆ. ಧೋಬಿ ಇರಲಿ ಬಿಡಲಿ, ಅದು ಬಂದೇ ಬರುತ್ತಿತ್ತು.

ಎರಡನೆಯದಕ್ಕೆ ಕಾರಣ ಬಟ್ಟೆಯ ಗುರುತು. ಮರಾಠಿಯಲ್ಲಿ ಬಿಬ್ಬಾ, ನಮ್ಮಲ್ಲಿ ಕರಿಗೇರು ಎನ್ನುವ ಕಾಯಿಯನ್ನು ಧೋಬಿ ಸೂಜಿಯಿಂದ ಚುಚ್ಚಿ, ಸೂಜಿಗೆ ಹತ್ತಿದ ರಸದಿಂದ ಬಟ್ಟೆಯ ಮೂಲೆಯಲ್ಲಿ ಗೀಟು, ಚುಕ್ಕೆ ಹಾಕುತ್ತಾನೆ. ಅದರ ಮೇಲೆ ಸುಣ್ಣದ ನೀರು ಸವರಿದರೆ ಗುರುತು ಕಪ್ಪಾಗಿ ಕಚ್ಚಿಕೊಳ್ಳುತ್ತದೆ. ಎಷ್ಟು ಒಗೆದರೂ ಹೋಗದು. ನೂರಾರು ಖಾಕಿ ಅಂಗಿಗಳ ನಡುವೆ ಯಾವುದು ಯಾರದು ಎಂದು ತಪ್ಪದೆ ಹೇಳಲು ಇದಕ್ಕಿಂತ ಅಗ್ಗದ, ಗಟ್ಟಿ ಉಪಾಯ ಬೇರೆ ಇರಲಿಲ್ಲ. ಆದರೆ ಕರಿಗೇರು ಗೋಡಂಬಿಯ ಕುಟುಂಬದ್ದು. ಹಸಿ ಗೇರುಬೀಜ ಒಡೆಯುವಾಗ ಕೈ ಸುಡುವುದನ್ನು ಮಂಗಳೂರು, ಗೋವಾ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಈ ರಸ ಒಗ್ಗದವರಿಗೆ ಗುರುತು ಚರ್ಮಕ್ಕೆ ತಾಗಿದಲ್ಲೆಲ್ಲ ನೀರುಗುಳ್ಳೆ ಏಳುತ್ತದೆ. 1943ರಲ್ಲಿ ಭಾರತದಲ್ಲಿದ್ದ ಅಮೆರಿಕನ್ ಸೇನಾ ವೈದ್ಯರು ಇದನ್ನು ಬೇರೆ ಕಾಯಿಲೆಯೆಂದು ವಿವರಿಸಿದರು. ಎರಡನ್ನೂ ಜಾಗದಿಂದಲೇ ಬೇರ್ಪಡಿಸಬಹುದು: ಕತ್ತಿನ ಹಿಂದೆ ಕಾಲರು ತಾಗುವಲ್ಲಿ, ಸೊಂಟದ ಪಟ್ಟಿ ತಾಗುವಲ್ಲಿ ಸಣ್ಣ ತೇಪೆಯಂತೆ ಗುಳ್ಳೆ ಎದ್ದರೆ ಕರಿಗೇರು, ತೊಡೆಸಂದಿಯಲ್ಲಿ ಉಂಗುರವಾಗಿ ಹಬ್ಬಿದರೆ ಶಿಲೀಂಧ್ರ. ಮೊದಲನೆಯದಕ್ಕೆ ಗುರುತಿರುವ ಬಟ್ಟೆಯನ್ನು ಬಿಡಬೇಕು, ಎರಡನೆಯದಕ್ಕೆ ಮೈ ಒಣಗಿಸಿಟ್ಟುಕೊಂಡು ಔಷಧಿ ಹಚ್ಚಬೇಕು. ಎರಡರಲ್ಲೂ ಕೊಳಕು ನೀರಿನ ಮಾತೇ ಇಲ್ಲ. ಅಲ್ಲಿ ಧೋಬಿಗಳ ಬಗ್ಗೆ ಬರೆದ ಆ ವಾಕ್ಯವನ್ನು ಪತ್ರಿಕೆ ತಿದ್ದಿ ಹಾಕಲೇಬೇಕು.

‘ಬ್ಲೈಟಿ’ ಬಗ್ಗೆ ಲೇಖನ ಹೇಳಿದ್ದು ಸರಿ: ವಿಲಾಯತಿ, ಬಿಲಾಯತಿ, ಬ್ಲೈಟಿ. ಮೊದಲ ಮಹಾಯುದ್ಧದಲ್ಲಿ ಅದು ಮನೆಯ, ಇಂಗ್ಲೆಂಡಿನ ಹೆಸರಾಯಿತು. ಸಾಯದೆ, ಊರಿಗೆ ಕಳಿಸುವಷ್ಟು ಮಾತ್ರ ಆದ ಗಾಯಕ್ಕೂ ಅದೇ ಹೆಸರು. ಆದರೆ ಕನ್ನಡದ ಓದುಗರಿಗೆ ಹೇಳಲೇಬೇಕಾದ ಮಾತು ಬಿಟ್ಟುಹೋಗಿದೆ. ಅರಬ್ಬಿಯ ವಿಲಾಯತ್ ಎಂದರೆ ಮೂಲದಲ್ಲಿ ಆಡಳಿತದ ಪ್ರಾಂತ್ಯ. ಭಾರತಕ್ಕೆ ಬಂದು ಅದು ಪರದೇಶವಾಯಿತು, ಕೊನೆಗೆ ಇಂಗ್ಲೆಂಡ್ ಆಯಿತು. ಕನ್ನಡದಲ್ಲಿ ಇದೇ ದಾರಿ ಹಿಡಿದ ಶಬ್ದ ‘ಸೀಮೆ’. ಅದೂ ಪ್ರಾಂತ್ಯವೇ, ಗಡಿಯೇ. ಆದರೆ ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಬದನೆ ಎಂದಾಗ ಹೊರಗಿನಿಂದ ಬಂದದ್ದು ಎಂಬ ಅರ್ಥ. ಬೇಸಿಗೆಯಲ್ಲಿ ಪುಣೆಯ ಮಂಡಈ ಮಾರುಕಟ್ಟೆಯ ಹತ್ತಿರ ಬುಟ್ಟಿಯಲ್ಲಿಟ್ಟು ಮಾರುವ, ಸುರುಳಿ ಸುತ್ತಿದ, ತಿಳಿಗೆಂಪು ಸಿಪ್ಪೆಯ, ಒಳಗೆ ಬಿಳಿ ತಿರುಳಿರುವ ಕಾಯಿಯನ್ನು ನೋಡಿ. ಮಾರುವವಳು ಅದನ್ನು ವಿಲಾಯತಿ ಚಿಂಚ್ ಎನ್ನುತ್ತಾಳೆ. ನಮ್ಮಲ್ಲಿ ಅದೇ ಸೀಮೆಹುಣಸೆ. ಸಿಪಾಯಿಯ ಬ್ಲೈಟಿ ಮತ್ತು ಈ ಕಾಯಿಯ ಹೆಸರು ಒಂದೇ ಶಬ್ದದ ಎರಡು ಟಿಸಿಲು.

ಬೆಂಡಿನ ಟೋಪಿಯನ್ನು ‘ಸೋಲಾರ್ ಟೋಪಿ, ಬಿಸಿಲಿಗೆ ಹಾಕುವುದರಿಂದ’ ಎಂದಿದ್ದೂ ತಪ್ಪು. ಅದು ‘ಸೋಲಾ’; ಬಂಗಾಳದ ಜೌಗಿನಲ್ಲಿ ಬೆಳೆಯುವ ಶೋಲಾ ಗಿಡದ ಬೆಂಡು. ಸೂರ್ಯನಿಗೂ ಅದಕ್ಕೂ ನಂಟಿಲ್ಲ. ಹಾಗೆಯೇ ‘ಪಾಶ್’ ಎಂಬ ಶಬ್ದ ಹಡಗಿನ ನೆರಳಿನ ಬದಿಯ ಟಿಕೆಟಿನ ಮೇಲಿನ ನಾಲ್ಕು ಅಕ್ಷರಗಳಿಂದ ಬಂತೆಂಬ ಕಥೆ. ಅಂಥ ಮುದ್ರೆಯುಳ್ಳ ಒಂದೇ ಒಂದು ಟಿಕೆಟ್ ಇದುವರೆಗೆ ಸಿಕ್ಕಿಲ್ಲ, ಕಥೆ ಅಚ್ಚಿಗೆ ಬಂದದ್ದೂ ಶಬ್ದ ಬಂದು ಎಷ್ಟೋ ವರ್ಷಗಳ ಮೇಲೆ.

ಖಾಕಿ ‘ಮಂಗಳೂರಿನಲ್ಲಿ ಹುಟ್ಟಿದ ಶಬ್ದ’ ಎಂಬ ಸಾಲಿನ ಬಗ್ಗೆ ಊರಿನ ಅಭಿಮಾನ ಬದಿಗಿಟ್ಟು ಹೇಳಬೇಕು. ಶಬ್ದ ಪಾರಸಿಯ ‘ಖಾಕ್’, ಧೂಳು. 1840ರ ದಶಕದಲ್ಲೇ ವಾಯವ್ಯ ಗಡಿಯಲ್ಲಿ ಬ್ರಿಟಿಷ್ ಅಧಿಕಾರಿ ಲಮ್ಸ್‌ಡೆನ್ ಕಟ್ಟಿದ ಗೈಡ್ಸ್ ದಳ ಧೂಳಿನ ಬಣ್ಣದ ಉಡುಪು ತೊಟ್ಟಿತ್ತು. ಮಂಗಳೂರಿನ ಬಾಸೆಲ್ ಮಿಶನ್ನಿನ ನೇಯ್ಗೆ ಕಾರ್ಖಾನೆ ಖಾಕಿ ಬಟ್ಟೆಗೆ ಹೆಸರಾದದ್ದು ಅದಾದ ಮೇಲೆ. ಬಟ್ಟೆಯ ಕೀರ್ತಿ ಮಂಗಳೂರಿಗೆ ಸಲ್ಲಲಿ, ಶಬ್ದದ್ದು ಬೇಡ. ಬರ್ಮಾದ ಹಸಿರು ಕಾಡಿನಲ್ಲಿ ಧೂಳಿನ ಬಣ್ಣ ದೂರದಿಂದಲೇ ಎದ್ದು ಕಾಣುತ್ತಿದ್ದುದರಿಂದ ಅಲ್ಲಿ ಖಾಕಿ ಬಿಟ್ಟು ಹಸಿರು ಉಡುಪಿಗೆ ಹೋದರು.

ಬರ್ಮಾದ ಮಾತುಗಳ ಜಾತಿಯೇ ಬೇರೆ. ಅವು ಆಜ್ಞೆಗಳಲ್ಲ, ಬದುಕಿ ಉಳಿಯಲು ಬೇಕಾದ ವಸ್ತುಗಳ, ಜಾಗಗಳ ಹೆಸರುಗಳು. ‘ಚಾಂಗ್’ ಎಂದರೆ ಬರ್ಮೀ ಭಾಷೆಯಲ್ಲಿ ಹೊಳೆ, ತೊರೆ. ‘ಬಾಶಾ’ ಎಂದರೆ ಅಸ್ಸಾಂ ಕಡೆಯ ಬಿದಿರಿನ ಗುಡಿಸಲು. ಬ್ರಿಟಿಷ್ ಸೇನೆ ಇಂದಿಗೂ ಎರಡು ಮರಗಳ ನಡುವೆ ಹಗ್ಗದಿಂದ ಬಿಗಿದ ತಾಡಪಾಲಿನ ಮರೆಗೆ ಅದೇ ಹೆಸರು ಹೇಳುತ್ತದೆ. ಬ್ರಿಟಿಷ್ ಸೇನಾಧಿಕಾರಿ ವಿಂಗೇಟ್ 1943ರಲ್ಲಿ ಶತ್ರುವಿನ ಬೆನ್ನಹಿಂದೆ ನುಗ್ಗಿಸಿದ ದಳದ ‘ಚಿಂಡಿಟ್’ ಎಂಬ ಹೆಸರು ಬರ್ಮಾದ ಗುಡಿಗಳ ಬಾಗಿಲಲ್ಲಿ ಕೂತಿರುವ ಸಿಂಹ ‘ಚಿಂತೆ’ಯಿಂದ ಬಂದದ್ದು. ಕನ್ನಡದ ಚಿಂತೆಗೂ ಅದಕ್ಕೂ ಸಂಬಂಧವಿಲ್ಲ. ‘ಛಾಗಲ್’ ಎಂಬ ಕ್ಯಾನ್ವಾಸಿನ ನೀರಿನ ಚೀಲ ಲಾರಿಯ ಮುಂದೆ ತೂಗುತ್ತಿತ್ತು. ನೀರು ಬಟ್ಟೆಯಿಂದ ಜಿನುಗಿ, ಗಾಳಿಗೆ ಆವಿಯಾಗಿ, ಒಳಗಿನದು ತಣ್ಣಗಾಗುತ್ತದೆ. ಹೊಸ ಚೀಲವನ್ನು ಮೊದಲು ಚೆನ್ನಾಗಿ ನೆನೆಸಬೇಕು. ನೂಲು ಉಬ್ಬಿ ಸಂದು ಮುಚ್ಚದಿದ್ದರೆ ನೀರೆಲ್ಲ ದಾರಿಯಲ್ಲೇ ಸೋರಿಹೋಗುತ್ತದೆ. ಸೆಕೆಯ ಜೊತೆ ಗಾಳಿಯಲ್ಲೂ ತೇವವಿದ್ದರೆ ಆವಿ ಏಳದು, ನೀರು ತಣಿಯದು. ಒಣ ದಖ್ಖನ್ನಿನಲ್ಲಿ ನಡೆದ ಉಪಾಯ ಬರ್ಮಾದ ಕರಾವಳಿಯ ಅರಾಕಾನಿನ ಮಳೆಯಲ್ಲಿ ಕೈಕೊಟ್ಟದ್ದು ಈ ಕಾರಣಕ್ಕೆ. ಇನ್ನು ‘ಶುಫ್ತಿ’. ಲೇಖನ ಅದನ್ನು ಹಿಂದಿ ಎಂದಿದೆ. ಅದು ಅರಬ್ಬಿ, ಈಜಿಪ್ಟಿನ ಮರಳುಗಾಡಿನಿಂದ ಬಂದದ್ದು. ಅರ್ಥ ಮಾತ್ರ ‘ದೆಕ್ಕೊ’ದ್ದೇ.

ಕನ್ನಡದ ಶಬ್ದ ಯಾಕಿಲ್ಲ ಎಂದು ಲೇಖಕರು ಕೊನೆಗೆ ಬೇಸರಪಟ್ಟಿದ್ದಾರೆ. ಇವೆ, ಆದರೆ 1940ರ ಪಟ್ಟಿಯಲ್ಲಲ್ಲ, ಟಿಪ್ಪುವಿನ ಕಾಲದ ಯುದ್ಧಗಳಲ್ಲಿ ಹುಡುಕಬೇಕು. 1791ರ ಮಾರ್ಚಿನಲ್ಲಿ ಕಾರ್ನ್‌ವಾಲಿಸನ ಪಡೆ ಬೆಂಗಳೂರಿನಲ್ಲಿ ಮೊದಲು ನುಗ್ಗಿದ್ದು ‘ಪೆಟ್ಟಾ’ಕ್ಕೆ, ಅಂದರೆ ಪೇಟೆಗೆ. ಅದೇ ವರ್ಷ ಹಿಡಿದ ಸಾವನದುರ್ಗ ಅವರ ಬರಹದಲ್ಲಿ ‘ಡ್ರೂಗ್’. ಪಾಳೆಯಗಾರ ‘ಪಾಲಿಗರ್’ ಆದ. 1799ರ ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಹತ್ತಿರ ವೆಲ್ಲೆಸ್ಲಿ, ಮುಂದೆ ವೆಲ್ಲಿಂಗ್ಟನ್ ಆದವನು, ಕತ್ತಲಲ್ಲಿ ದಾರಿ ತಪ್ಪಿ ಸೋತದ್ದು ಸುಲ್ತಾನಪೇಟೆಯ ‘ಟೋಪ್’ನಲ್ಲಿ, ನಮ್ಮ ತೋಪಿನಲ್ಲಿ. ಇವುಗಳಲ್ಲಿ ಕೆಲವು ತಮಿಳು, ತೆಲುಗಿಗೂ ಸೇರಿದವು. ಒಂದೇ ಭಾಷೆಯ ಸೊತ್ತೆಂದು ಹಕ್ಕು ಸಾಧಿಸುವುದು ಬೇಡ. ರೆಜಿಮೆಂಟಿನ ಕತ್ತಲೆಕೋಣೆಗೆ ‘ಕಾಂಜಿ ಹೌಸ್’ ಎಂದು ಹೆಸರು. ತಪ್ಪು ಮಾಡಿದವನಿಗೆ ಅಲ್ಲಿ ಸಿಗುತ್ತಿದ್ದದ್ದು ಗಂಜಿ. ಶಬ್ದಗಳು ದಂಡಿನ ಹಿಂದೆ ನಡೆಯುತ್ತವೆ. ದಕ್ಷಿಣದಲ್ಲಿ ಯುದ್ಧ ನಿಂತು ದಂಡು ಉತ್ತರಕ್ಕೆ, ಗಡಿನಾಡಿಗೆ ಸರಿದಾಗ ಹಿಂದೂಸ್ತಾನಿ ಮೇಲುಗೈ ಪಡೆಯಿತು.

ಈ ಹಳೆಯ ಶಬ್ದಗಳನ್ನೆಲ್ಲ ಒಂದು ನಿಘಂಟಿನಲ್ಲಿ ಒಟ್ಟುಗೂಡಿಸಿದವರು ಯೂಲ್ ಮತ್ತು ಬರ್ನೆಲ್. ಬರ್ನೆಲ್ ಮಂಗಳೂರಿನಲ್ಲಿ ನ್ಯಾಯಾಧೀಶರಾಗಿದ್ದವರು, ತುಳುನಾಡಿನ ಭೂತಾರಾಧನೆಯ ಬಗ್ಗೆ ಬರೆದವ‌ರು. ನಿಘಂಟು 1886ರಲ್ಲಿ ಹೊರಬರುವ ಮೊದಲೇ ತೀರಿಕೊಂಡರು. ಅದರ ಹೆಸರು ‘ಹಾಬ್ಸನ್-ಜಾಬ್ಸನ್’ ಎಂಬುದೇ ಸಿಪಾಯಿಗಳ ತಪ್ಪು ಕಿವಿಯ ಕೂಸು: ಮೊಹರಮ್ಮಿನ ‘ಯಾ ಹಸನ್, ಯಾ ಹುಸೇನ್’ ಎಂಬ ಶೋಕದ ಕೂಗು ಅವರಿಗೆ ಹಾಗೆ ಕೇಳಿಸಿತ್ತು.

ಕೂಗು ಇತ್ತ ಕಡೆಯಿಂದಲೂ ಹೀಗೇ ಬದಲಾಗಿದೆ. ಕಾವಲುಗಾರ ಕತ್ತಲಲ್ಲಿ ಇಂಗ್ಲಿಷಿನಲ್ಲಿ ‘ಯಾರಲ್ಲಿ’ ಎಂದು ಕೇಳುವ ‘ಹೂ ಕಮ್ಸ್ ದೇರ್’ ನಮ್ಮ ಸಿಪಾಯಿಗಳ ಬಾಯಲ್ಲಿ ‘ಹುಕುಂದಾರ್’ ಆಯಿತು. ದಂಡಿನ ಪಟಾಲಂ ಇಂದು ಕನ್ನಡದಲ್ಲಿ ಪುಢಾರಿಯ ಹಿಂಬಾಲಕರ ಗುಂಪು. ನಿಮ್ಮ ಅಪರಾಧ ಸುದ್ದಿಯ ಪುಟದಲ್ಲಿ ವಾರಕ್ಕೊಮ್ಮೆಯಾದರೂ ಬರುವ ‘ಮಫ್ತಿಯಲ್ಲಿದ್ದ ಪೊಲೀಸರು’ ಕೂಡ ಬ್ರಿಟಿಷ್ ಅಧಿಕಾರಿಗಳು ಸಮವಸ್ತ್ರ ಕಳಚಿದಾಗಿನ ಉಡುಪಿಗೆ ಇಟ್ಟ ಹೆಸರಿನಿಂದಲೇ ಬಂದವರು.

ಸಂಪಾದಕರಲ್ಲಿ ಎರಡು ಕೋರಿಕೆ. ಒಂದು, ಧೋಬಿಗಳ ಬಗೆಗಿನ ಸಾಲಿಗೆ ಮತ್ತು ದೇವಳಾಲಿಯ ‘ಟ್ಯಾಪ್’ಗೆ ಮುಂದಿನ ಭಾನುವಾರವೇ ತಿದ್ದುಪಡಿ ಹಾಕಿ. ಎರಡು, ಪುಣೆ, ಮುಂಬಯಿ, ಬೆಳಗಾವಿಯ ಕ್ಯಾಂಪುಗಳಲ್ಲಿ ಅಂಗಡಿ, ಲಾಂಡ್ರಿ, ದರ್ಜಿ ಕೆಲಸ ಮಾಡಿದ ಮನೆತನಗಳ ಹಿರಿಯರು ಇನ್ನೂ ಇದ್ದಾರೆ. ಗೋರಾಗಳು ನಮ್ಮ ಮಾತು ಹೇಗೆ ಆಡಿದರೆಂಬುದಕ್ಕೆ ಪುಸ್ತಕಗಳಿವೆ. ಈ ಮನೆಗಳವರು ಅವರ ಮಾತನ್ನು ಹೇಗೆ ಕೇಳಿಸಿಕೊಂಡರು, ಬೆನ್ನಹಿಂದೆ ಅವರಿಗೆ ಏನೆಂದು ಹೆಸರಿಟ್ಟರು ಎಂಬುದು ಎಲ್ಲೂ ಸರಿಯಾಗಿ ಅಚ್ಚಾಗಿಲ್ಲ. ಓದುಗರಿಂದ ಬರೆಸಿ ತರಿಸಿಕೊಳ್ಳಿ. ಪ್ರತಿ ಶಬ್ದದ ಜೊತೆ ನಾಲ್ಕು ವಿವರ ಇರಲಿ: ಆಡಿದವರು ಯಾರು, ಅವರ ಕಸುಬು ಏನು, ಯಾವ ಕ್ಯಾಂಪು, ಸುಮಾರು ಯಾವ ವರ್ಷ. ಬರೆಯುವಾಗ ಕೇಳಿದ ಹಾಗೆಯೇ ಕನ್ನಡ ಅಕ್ಷರದಲ್ಲಿ ಬರೆಯಲಿ. ಇಂಗ್ಲಿಷ್ ಕಾಗುಣಿತ ನೋಡಿ ತಿದ್ದುವುದು ಬೇಡ. ಹಳೆಯ ಉದ್ರಿ ಪುಸ್ತಕ ಇದ್ದವರು ಅದರ ಒಂದು ಪುಟದ ಫೋಟೋ ಕಳಿಸಿದರೆ ಇನ್ನೂ ಒಳ್ಳೆಯದು.

ಇಂತಿ ತಮ್ಮ ವಿಶ್ವಾಸಿ,
ಓರ್ವ ಓದುಗ
ಖಡಕಿ, ಪುಣೆ